ಹುಲ್ದಾಳ ಮನೆಬಾಗಿಲಿಗೆ ಹೋದ ಪ್ರಧಾನಯಾಜಕ

ಸಮಸಂಖ್ಯೆಯ ವರ್ಷಗಳಲ್ಲಿ, ಸಾಧಾರಣ ಕಾಲದ ೧೨ನೆಯ ವಾರದ ಬುಧವಾರದಂದು ದಿವ್ಯ ಬಲಿಪೂಜೆಯ ಮೊದಲ ವಾಚನವು ಅರಸುಗಳ ಎರಡನೆಯ ಗ್ರಂಥದಿಂದ ಬರುತ್ತದೆ. ಜೆರುಸಲೇಮಿನ ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥವೊಂದು ದೊರೆಯುತ್ತದೆ. ಅದನ್ನು ಓದಿಸಿ ಕೇಳಿದ ಅರಸ ಯೋಷೀಯನು ದುಃಖದಿಂದ ಬಟ್ಟೆಯನ್ನು ಹರಿದುಕೊಂಡು, ಈ ವಿಷಯವಾಗಿ ಸರ್ವೇಶ್ವರನನ್ನು ವಿಚಾರಿಸಿ ಬರುವಂತೆ ತನ್ನವರನ್ನು ಕಳುಹಿಸುತ್ತಾನೆ. ಮರುವಾಕ್ಯದಲ್ಲಿಯೇ ಅರಸನು ಜನರನ್ನೆಲ್ಲ ಕೂಡಿಸಿ ಒಡಂಬಡಿಕೆಯನ್ನು ನವೀಕರಿಸುತ್ತಿರುತ್ತಾನೆ. ವಾಚನ ಮುಗಿಯುತ್ತದೆ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇದನ್ನು ಹೀಗೆಯೇ ಕೇಳಿ, ಇದರ ಮೇಲೆ ಪ್ರಬೋಧನೆಯನ್ನೂ ಮಾಡಿದವನು ನಾನು. ಒಮ್ಮೆ ಪೂಜೆಯ ಬಳಿಕ, ಮಕ್ಕಳಿಗೆ ಬಹುಕಾಲ ಧರ್ಮೋಪದೇಶ ಕಲಿಸಿದ ಹಿರಿಯ ತಾಯಿಯೊಬ್ಬರು ದೇವಾಲಯದ ಬಾಗಿಲಲ್ಲಿ ನನ್ನನ್ನು ತಡೆದು, "ಫಾದರ್, ಕೇಳಿಕೊಂಡು ಬನ್ನಿ ಎಂದು ಅರಸ ಹೇಳಿದ, ಸರಿ. ಅವರು ಹೋಗಿ ಯಾರನ್ನು ಕೇಳಿದರು?" ಎಂದರು. ಯಾರೋ ಪ್ರವಾದಿ ಇರಬೇಕು ಎಂದು ಹೇಳಿ ಹೊರಟುಬಿಟ್ಟೆ. ಮರುದಿನ ಅವರು ಮನೆಯ ಬೈಬಲನ್ನೇ ಹಿಡಿದು ಬಂದಿದ್ದರು. "ಪ್ರವಾದಿ ಅಲ್ಲ ಫಾದರ್, ಪ್ರವಾದಿನಿ."

೨೨ನೆಯ ಅಧ್ಯಾಯದ ೧೪ರಿಂದ ೨೦ರವರೆಗಿನ ಏಳು ವಚನಗಳನ್ನು ಅಂದಿನ ವಾಚನದಲ್ಲಿ ಬಿಡಲಾಗಿದೆ. ಹುಲ್ದಾ ಎಂಬಾಕೆ ಇರುವುದು ಆ ಏಳು ವಚನಗಳಲ್ಲಿಯೇ.

ಕಾಲ ಕ್ರಿ.ಪೂ. ೬೨೨ರ ಸುಮಾರು. ಎಂಟನೆಯ ವಯಸ್ಸಿಗೆ ಪಟ್ಟವೇರಿದ ಯೋಷೀಯನಿಗೆ ಆಗ ಇಪ್ಪತ್ತಾರು. ದೇವಾಲಯದ ಜೀರ್ಣೋದ್ಧಾರ ನಡೆದಿತ್ತು. (ಕೆಲಸಗಾರರು ಪ್ರಾಮಾಣಿಕರಾಗಿದ್ದುದರಿಂದ ಅವರಿಂದ ಲೆಕ್ಕ ಕೇಳಲಿಲ್ಲವೆಂದು ಗ್ರಂಥ ಹೇಳುತ್ತದೆ. ನಮ್ಮ ಹಣಕಾಸು ಸಮಿತಿಗಳು ಇದನ್ನು ಓದದಿರುವುದೇ ಲೇಸು!) ಪ್ರಧಾನಯಾಜಕ ಹಿಲ್ಕೀಯನ ಕೈಗೆ ಗ್ರಂಥ ಸಿಕ್ಕಿತು, ಕಾರ್ಯದರ್ಶಿ ಶಾಫಾನನು ಅದನ್ನು ಅರಸನ ಮುಂದೆ ಓದಿದನು. ಇಂದಿನ ಧರ್ಮೋಪದೇಶಕಾಂಡದ ತಿರುಳೇ ಆ ಗ್ರಂಥವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಯಾಜಕತ್ವ, ವಿದ್ಯೆ, ಅಧಿಕಾರ ಎಲ್ಲವೂ ಅರಮನೆಯಲ್ಲಿದ್ದವು. ಗ್ರಂಥವೂ ಕೈಯಲ್ಲಿತ್ತು. ಆದರೂ ಅದು ತಮ್ಮ ಕಾಲಕ್ಕೆ ಏನನ್ನು ಹೇಳುತ್ತಿದೆಯೆಂದು ನಿರ್ಣಯಿಸಲು ಪ್ರಧಾನಯಾಜಕನೂ ಸೇರಿ ಐವರು ಗಣ್ಯರು, ರಾಜವಸ್ತ್ರಗಳ ಮೇಲ್ವಿಚಾರಕ ಶಲ್ಲೂಮನ ಹೆಂಡತಿಯನ್ನು ಅರಸಿಕೊಂಡು ಆಕೆ ವಾಸವಾಗಿದ್ದ ನಗರದ ಎರಡನೆಯ ಭಾಗಕ್ಕೆ ನಡೆದರು. ಪ್ರವಾದಿಗಳ ಅಭಾವವೇನೂ ಇರಲಿಲ್ಲ. ಯೆರೆಮೀಯನಿಗೆ ದೇವರ ಕರೆ ಬಂದು ಆಗಲೇ ಐದು ವರ್ಷಗಳಾಗಿದ್ದವು. ಅವನನ್ನು ಬಿಟ್ಟು ಹುಲ್ದಾಳ ಬಳಿಗೆ ಹೋದುದೇಕೆ ಎಂಬ ಪ್ರಶ್ನೆ ತಾಲ್ಮುದಿನ ಯೆಹೂದಿ ಗುರುಗಳನ್ನೂ ಕಾಡಿತ್ತು. ಸ್ತ್ರೀಯರು ಕರುಣಾಮಯಿಗಳು ಎಂದು ಒಬ್ಬರು, ಯೆರೆಮೀಯನು ಊರಲ್ಲಿರಲಿಲ್ಲ ಎಂದು ಇನ್ನೊಬ್ಬರು ಉತ್ತರ ಹೇಳಿದರು. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಪವಿತ್ರಗ್ರಂಥವು ಕಾರಣವನ್ನೇ ಕೊಡದೆ, ಅದೊಂದು ಸಹಜ ಸಂಗತಿಯೆಂಬಂತೆ ಮುಂದೆ ಸಾಗುತ್ತದೆ. ಅಚ್ಚರಿಪಡುತ್ತಿರುವವರು ನಾವು.

ಹುಲ್ದಾಳ ಉತ್ತರದಲ್ಲಿ ಮೃದುತ್ವವನ್ನು ಹುಡುಕಿದವರಿಗೆ ನಿರಾಶೆಯಾಗುತ್ತದೆ. ಮಾತಿನ ಆರಂಭದಲ್ಲಿಯೇ ಆಕೆ ಅರಸನನ್ನು 'ನಿಮ್ಮನ್ನು ಕಳುಹಿಸಿದ ಮನುಷ್ಯ' ಎಂದಷ್ಟೇ ಕರೆಯುತ್ತಾಳೆ. ಗ್ರಂಥದಲ್ಲಿರುವ ಶಾಪವೆಲ್ಲ ಈ ಊರಿನ ಮೇಲೆ ಬಂದೇ ಬರುವುದು. ಅರಸನು ತನ್ನನ್ನು ತಗ್ಗಿಸಿಕೊಂಡು ಕಣ್ಣೀರಿಟ್ಟ ಕಾರಣ, ಆ ಕೇಡನ್ನು ಅವನ ಕಣ್ಣುಗಳು ಕಾಣವು. ಸಮಾಧಾನದಿಂದ ಸಮಾಧಿ ಸೇರುವನೆಂದು ಆಕೆ ಹೇಳಿದ ಅದೇ ಯೋಷೀಯನು ಕ್ರಿ.ಪೂ. ೬೦೯ರಲ್ಲಿ ಮೆಗಿದ್ದೋವಿನಲ್ಲಿ ಈಜಿಪ್ಟಿನ ಫರೋಹ ನೆಕೋವಿನಿಂದ ಹತನಾದದ್ದು ವ್ಯಾಖ್ಯಾನಕಾರರಿಗೆ ಇಂದಿಗೂ ತೊಡಕು. ಜೆರುಸಲೇಮಿನ ಪತನವನ್ನಂತೂ ಅವನು ಕಾಣಲಿಲ್ಲ.

ಆ ಐವರು ಅಷ್ಟು ಕಠಿಣವಾದ ಮಾತನ್ನು ಅರಸನಿಗೆ ತಲುಪಿಸಿದರು. ದಾರಿಯಲ್ಲಿ ಅದನ್ನು ನುಣುಪುಗೊಳಿಸಿದರೆಂದಾಗಲಿ, ಹೆಂಗಸಿನ ಮಾತೆಂದು ತಳ್ಳಿಹಾಕಿದರೆಂದಾಗಲಿ ಎಲ್ಲಿಯೂ ಬರೆದಿಲ್ಲ. ನಾಯಕತ್ವದ ಬಗೆಗೆ ನಾನು ಕೇಳಿದ ಎಷ್ಟೋ ಉಪನ್ಯಾಸಗಳಿಗಿಂತ ಆ ಐವರ ಹಿಂದಿರುಗುವ ನಡಿಗೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ, ಪ್ಲೇಟೋವಿನ ಸಂವಾದವೊಂದರಲ್ಲಿ ಸಾಕ್ರಟೀಸನು ಪ್ರೇಮತತ್ತ್ವವನ್ನು ತನಗೆ ಕಲಿಸಿದವಳು ದಿಯೋತಿಮಾ ಎಂಬ ಸ್ತ್ರೀ ಎಂದು ಒಪ್ಪಿಕೊಳ್ಳುವುದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೆವು. ಹುಲ್ದಾಳನ್ನು ಕುರಿತು ಯಾರೂ ಪ್ರಶ್ನೆ ಕೇಳಲಿಲ್ಲ.

ನಮ್ಮ ಧರ್ಮಸಭೆಯಲ್ಲಿ ಬಾಗಿಲುಗಳು ತೆರೆಯುತ್ತಿಲ್ಲವೆಂದಲ್ಲ. ೨೦೨೧ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ವಾಚಕರ ಸೇವಾಪದವಿಯನ್ನು ಸ್ತ್ರೀಯರಿಗೂ ತೆರೆದರು. ೨೦೨೩ರ ಅಕ್ಟೋಬರಿನಲ್ಲಿ ರೋಮಿನ ಸಿನೊಡ್ ಸಭೆಯಲ್ಲಿ ಸ್ತ್ರೀಯರು ಮೊದಲ ಬಾರಿಗೆ ಮತ ಚಲಾಯಿಸಿದರು. ಆದರೆ ರೋಮಿನಲ್ಲಿ ತೆರೆದ ಬಾಗಿಲು ನಮ್ಮ ಧರ್ಮಕೇಂದ್ರದಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ. ನನ್ನದೇ ಪಾಲನಾ ಪರಿಷತ್ತಿನಲ್ಲಿ ಸ್ತ್ರೀ ಸದಸ್ಯರಿದ್ದಾರೆ. ಹಬ್ಬದ ಹೂವಿನ ಅಲಂಕಾರ, ಊಟದ ಪಟ್ಟಿಯ ವಿಷಯ ಬಂದಾಗ ಎಲ್ಲರೂ ಅವರತ್ತ ತಿರುಗುತ್ತೇವೆ. ಕುಟುಂಬವೊಂದು ಪೂಜೆಗೆ ಬರುವುದನ್ನು ನಿಲ್ಲಿಸಿದಾಗ, ಹುಡುಗನೊಬ್ಬ ಕುಡಿತಕ್ಕೆ ಬಿದ್ದಾಗ, ದೇವರು ನಮ್ಮಿಂದ ಏನನ್ನು ಬಯಸುತ್ತಿದ್ದಾನೆಂದು ಅವರನ್ನು ವಿಚಾರಿಸಿದ್ದು ನನಗೆ ನೆನಪಿಲ್ಲ. ಅಂಥ ಸುದ್ದಿ ಮೊದಲು ತಿಳಿಯುವುದಾದರೋ ಅವರಿಗೇ.

"ಮನೆಯ ಶಾಂತಿಗಾಗಿ ಸುಮ್ಮನಿದ್ದೆ ಫಾದರ್" ಎಂಬ ಮಾತನ್ನು ಮನೆ ಭೇಟಿಗಳಲ್ಲಿ ಎಷ್ಟೋ ತಾಯಂದಿರ ಬಾಯಲ್ಲಿ ಕೇಳಿದ್ದೇನೆ. ಹುಲ್ದಾಳ ಧೈರ್ಯವನ್ನು ಅವರಿಗೆ ಬೋಧಿಸುವುದು ಸುಲಭ. ಅವರ ಮಾತನ್ನು ಕೇಳಿಸಿಕೊಳ್ಳುವ ಹಿಲ್ಕೀಯನೇ ಇಲ್ಲದಿರುವಾಗ ಆ ಬೋಧನೆ ನನ್ನ ಬಾಯಿಗೆ ಒಪ್ಪುವುದಿಲ್ಲ.

ವಾಚನಗ್ರಂಥವನ್ನು ನನ್ನಿಷ್ಟದಂತೆ ತಿದ್ದುವ ಅಧಿಕಾರ ನನಗಿಲ್ಲ; ಬಿಟ್ಟುಹೋದುದನ್ನು ಪ್ರಬೋಧನೆಯಲ್ಲಿ ಹೇಳಲು ಅಡ್ಡಿಯಿಲ್ಲ, ಇನ್ನು ಮುಂದೆ ಹೇಳುವೆನು. ನಿಮ್ಮ ಮನೆಗಳಲ್ಲಿ ಅಂಥ ಕಟ್ಟುಪಾಡೂ ಇಲ್ಲ. ಈ ಭಾನುವಾರ ರಾತ್ರಿ ಜಪಸರವಾದ ಮೇಲೆ ಆ ಏಳು ವಚನಗಳನ್ನು ಓದಿರಿ. ಮಕ್ಕಳು ಓದಲಿ. ಓದಿದ ಬಳಿಕ ಅದರ ಅರ್ಥವೇನೆಂದು ಮನೆಯ ತಾಯಿಯನ್ನು ಕೇಳಿರಿ. ಆಕೆ ಹೇಳಿ ಮುಗಿಸುವವರೆಗೆ ತಂದೆಯಾದವರು ಮಾತಾಡದಿರಲಿ.