ಬರೆದವರ ಹೆಸರು ಎಲ್ಲಿ?

ಉರ್ದು ಕೈಬರಹದ ಕಲೆಯ ಬಗ್ಗೆ ಎಲ್ಲೇ ಸಭೆ ನಡೆಯಲಿ, ಒಂದು ಮಾತು ಬಂದೇ ಬರುತ್ತದೆ: ಕಂಪ್ಯೂಟರ್ ಬಂದು ಕಾತಿಬನನ್ನು ಕೊಂದಿತು. ಹೇಳಿದವರಿಗೆ ಚಪ್ಪಾಳೆಯೂ ಸಿಗುತ್ತದೆ. ಅವರ ಮಗಳ ಮದುವೆ ಕಾರ್ಡು ಮಾತ್ರ ಡಿಟಿಪಿ ಅಂಗಡಿಯಲ್ಲೇ ತಯಾರಾಗಿರುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಕಾತಿಬ್ ಎಂದರೆ ಬರೆಯುವವನು. ಉರ್ದುವಿನ ಪತ್ರಿಕೆ, ಪುಸ್ತಕಗಳೆಲ್ಲ ಬಹುಕಾಲ ಅವನ ಕೈಯಿಂದಲೇ ಹುಟ್ಟಿದವು. ಕನ್ನಡವೂ ಕಲ್ಲಚ್ಚನ್ನು ಕಂಡ ಭಾಷೆಯೇ. 1843ರ 'ಮಂಗಳೂರ ಸಮಾಚಾರ' ಬಂದದ್ದು ಕಲ್ಲಚ್ಚಿನಲ್ಲಿ. ಆದರೆ ಕನ್ನಡ ಅಚ್ಚುಮೊಳೆಗೆ ಒಗ್ಗಿಕೊಂಡಿತು, ಉರ್ದುವಿನ ನಸ್ತಾಲೀಕ್ ಒಗ್ಗಲಿಲ್ಲ. ಅಲ್ಲಿ ಪದ ಬಲದಿಂದ ಎಡಕ್ಕೆ ಇಳಿಯುತ್ತಾ ಹೋಗುತ್ತದೆ, ಪಕ್ಕದ ಅಕ್ಷರ ಯಾವುದೆಂದು ನೋಡಿ ಈ ಅಕ್ಷರ ತನ್ನ ಆಕಾರ ಬದಲಿಸುತ್ತದೆ. ಲೇಖನಿಯ ತುದಿಯಿಂದ ಇಟ್ಟ ಚುಕ್ಕೆಯೇ ಅಕ್ಷರದ ಅಳತೆಗೋಲು. ಕಾತಿಬ್ ಜಿಡ್ಡಿನ ಶಾಯಿಯಲ್ಲಿ ಬರೆದುದನ್ನು ಕಲ್ಲಿಗೆ ಇಳಿಸುತ್ತಿದ್ದರು. ತಪ್ಪಿದ್ದರೆ ಸಂಗ್‌ಸಾಜ್ ಎಂಬ ಇನ್ನೊಬ್ಬ ಕುಶಲಕರ್ಮಿ ಕಲ್ಲಿನ ಮೇಲೆಯೇ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆದು ತಿದ್ದುತ್ತಿದ್ದ. ನೇರ ಬರೆಯುವುದೇ ಕಷ್ಟವಾದ ಲಿಪಿಯನ್ನು ತಿರುವಿ ಬರೆದ ಆ ಜನರಲ್ಲಿ ಒಬ್ಬನ ಹೆಸರಾದರೂ ನಮಗೆ ಗೊತ್ತೇ? ಕಂಪ್ಯೂಟರ್ ಇನ್ನೂ ಹುಟ್ಟಿರದ ಕಾಲದ ಮರೆವು ಇದು.

ಇನ್ನು ಕಂಪ್ಯೂಟರಿನ ಅಕ್ಷರ ಆಕಾಶದಿಂದ ಉದುರಿತೇ? ಮಿರ್ಜಾ ಅಹ್ಮದ್ ಜಮೀಲ್ ಎಂಬ ಕಲಾವಿದರು ಸಾವಿರಾರು ಅಕ್ಷರಜೋಡಣೆಗಳನ್ನು ಒಂದೊಂದಾಗಿ ಕೈಯಲ್ಲಿ ರೂಪಿಸಿದರು. ಮೊನೊಟೈಪ್ ಕಂಪನಿ ಅವುಗಳನ್ನು ಯಂತ್ರಕ್ಕೆ ಅಳವಡಿಸಿತು. 1981ರಲ್ಲಿ ಲಾಹೋರಿನ 'ಜಂಗ್' ಪತ್ರಿಕೆ ಆ ಅಕ್ಷರಗಳಲ್ಲಿ ಹೊರಬಂತು. 1994ರಲ್ಲಿ ಭಾರತದ್ದೇ ಕಂಪನಿಯೊಂದು ಇನ್‌ಪೇಜ್ ತಂತ್ರಾಂಶವನ್ನು ತಂದ ಮೇಲೆ ಅವು ಡಿಟಿಪಿ ಅಂಗಡಿಗಳನ್ನು ತಲುಪಿದವು. ಆ ಲಿಪಿಗೆ ಜಮೀಲ್ ಇಟ್ಟದ್ದು ತನ್ನ ತಂದೆ ನೂರ್ ಅಹ್ಮದರ ಹೆಸರು: ನೂರಿ ನಸ್ತಾಲೀಕ್. ನಿತ್ಯ ಅದನ್ನೇ ಓದುವ ನಾವು 'ಇದು ಯಂತ್ರದ ಅಕ್ಷರ, ಜೀವವಿಲ್ಲ' ಎಂದು ಮೂಗು ಮುರಿಯುತ್ತೇವೆ.

ಫೋಟೋದ ಕತೆಯೂ ಬೇರೆಯಲ್ಲ. 1927ರಲ್ಲಿ ಮದರಾಸಿನಲ್ಲಿ ಆರಂಭವಾದ 'ಮುಸಲ್ಮಾನ್' ದಿನಪತ್ರಿಕೆ ದಶಕಗಳ ಕಾಲ ಕೈಬರಹದಲ್ಲೇ ಬಂದದ್ದರಿಂದ ದೂರದೂರದ ಕ್ಯಾಮರಾಗಳು ಅಲ್ಲಿಗೆ ಹೋದವು. ಹೋಗಲಿ, ಒಳ್ಳೆಯದೇ. ಬೆಳಕಿಗಾಗಿ ಕಾದು ಕೂರುವುದೂ ಒಂದು ಕಸುಬು. ಆದರೆ ಕುಶಲಕರ್ಮಿಗಳ ಎಷ್ಟು ಚಿತ್ರಗಳಲ್ಲಿ ಫೋಟೋ ತೆಗೆದವರ ಹೆಸರಿದ್ದು, ಅದರೊಳಗಿನ ಕೈಯ ಒಡೆಯನ ಹೆಸರಿರುವುದಿಲ್ಲ! ಈಗಂತೂ ಕೃತಕ ಬುದ್ಧಿಮತ್ತೆ ಕೇಳಿದ ಕ್ಷಣಕ್ಕೆ ಚಿತ್ರ ಕೊಡುತ್ತದೆ, ಯಾರ ಯಾರ ಕೆಲಸ ನೋಡಿ ಕಲಿತೆನೆಂದು ಮಾತ್ರ ಹೇಳುವುದಿಲ್ಲ. ಗುಂಡಿ ಒತ್ತಿದವನು ತಾನೇ ಕಲಾವಿದನೆನ್ನುತ್ತಾನೆ. ಪರದೆಯ ಮುಂದೆ ಗಂಟೆಗಟ್ಟಲೆ ಕೂತು, ಒಂದು ಚುಕ್ಕೆಯನ್ನು ಕೂದಲೆಳೆಯಷ್ಟು ಸರಿಸಿ, ಅಳಿಸಿ, ಮತ್ತೆ ಇಡುವ ಹುಡುಗಿಯನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಅವಳು ಕಾತಿಬನ ವಾರಸುದಾರಳು. ಅವಳಿಗೂ ನಾವು ಕಾರ್ಡಿನ ಲೆಕ್ಕದಲ್ಲಿ ಚಿಲ್ಲರೆ ಎಣಿಸುತ್ತೇವೆ.

ಮೊಗಲರ ಕಾಲವನ್ನು ಹೊಗಳುವುದರಲ್ಲಿ ನಮ್ಮವರು ಹಿಂದೆ ಬೀಳುವುದಿಲ್ಲ. ತಾಜಮಹಲಿನ ಗೋಡೆಯ ಮೇಲೆ ಆಯತ್‌ಗಳನ್ನು ಬರೆದ ಅಮಾನತ್ ಖಾನ್ ಶಿರಾಜಿ ಅಲ್ಲಿಯೇ ತನ್ನ ಹೆಸರನ್ನೂ ಹಿಜರಿ 1048 ಎಂಬ ಇಸವಿಯನ್ನೂ ಬರೆದಿದ್ದಾನೆ. ಶಹಜಹಾನನಿಗೆ ಅದರಿಂದ ಅವಮಾನವಾಗಲಿಲ್ಲ. ನಮ್ಮ ಮಸೀದಿ ಕಮಿಟಿಗಳು ಫ್ಯಾನು ಕೊಟ್ಟವರ ಹೆಸರನ್ನು ಫ್ಯಾನಿನ ರೆಕ್ಕೆಯ ಮೇಲೆ ಬರೆಸುತ್ತವೆ. ಮಿಹ್ರಾಬಿನ ಮೇಲಿನ ಆಯತ್ ಬರೆದವರು ಯಾರೆಂದು ಕೇಳಿ ನೋಡಿ, ಪೇಂಟರನ್ನು ಕರೆತಂದವರ ಹೆಸರು ಹೇಳುತ್ತಾರೆ.

ರಾಷ್ಟ್ರೀಯ ಉರ್ದು ಮಂಡಳಿಯ ತರಬೇತಿಯಲ್ಲಿ ಕ್ಯಾಲಿಗ್ರಫಿಯೂ ಗ್ರಾಫಿಕ್ ಡಿಸೈನೂ ಒಂದೇ ಕೋರ್ಸಿನಲ್ಲಿವೆ. ಲೇಖನಿ ಮತ್ತು ಮೌಸಿನ ನಡುವೆ ಜಗಳವಿಲ್ಲವೆಂದು ಅಲ್ಲಿ ಕಲಿತ ಮಕ್ಕಳಿಗೆ ಗೊತ್ತು. ನಮ್ಮ ಪ್ರಕಾಶಕರು ಮುಂದಿನ ಪುಸ್ತಕದಲ್ಲಿ ಮುಖಪುಟದ ಅಕ್ಷರ ಬರೆದವರ ಹೆಸರನ್ನು ಮುದ್ರಕರ ಹೆಸರಿನ ಪಕ್ಕದಲ್ಲೇ ಹಾಕಲಿ, ಸಂಭಾವನೆಯನ್ನು ಮೊದಲೇ ಮಾತಾಡಲಿ. ಕಾತಿಬನಿಗಾಗಿ ಕಣ್ಣೀರು ಹಾಕುವ ಸಭೆಯ ಕರಪತ್ರದಿಂದಲೇ ಇದು ಶುರುವಾಗಬಹುದು.