ಗಾಜು ತೊಳೆಯಲು ಬಂದವರಲ್ಲ ನಾವು

ನಮ್ಮ ಕೇರಿಯ ಹುಡುಗನೊಬ್ಬ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ. ಸಂಶೋಧನೆ ಮಾಡಬೇಕೆಂದು ವಿಶ್ವವಿದ್ಯಾನಿಲಯವೊಂದರ ಲ್ಯಾಬಿನ ಬಾಗಿಲಿಗೆ ಹೋಗಿ ನಿಂತ. ಪ್ರೊಫೆಸರು ಕೇಳಿದ್ದು ಎರಡೇ ಪ್ರಶ್ನೆ. 'ಯಾವೂರಪ್ಪ? ನಿಮ್ಮಪ್ಪ ಏನ್ಮಾಡ್ತಾರೆ?' ಜೀವಕೋಶದ ಬಗ್ಗೆ ಒಂದು ಮಾತೂ ಕೇಳಲಿಲ್ಲ. 'ಸದ್ಯ ಜಾಗ ಇಲ್ಲ. ಸುಮ್ನೆ ಬಂದು ಹೋಗಿ ಮಾಡ್ತಿರು, ಆಮೇಲೆ ನೋಡೋಣ' ಅಂದರು.

ಹುಡುಗ ಆರು ತಿಂಗಳು ಬಂದು ಹೋಗಿ ಮಾಡಿದ. ಗಾಜಿನ ಸಾಮಾನು ತೊಳೆದ. ಇಲಿಗಳ ಪಂಜರ ಬಳಿದ. ಸಂಬಳವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ. ಅವನ ಹಿಂದೆ ಬಂದ ಇನ್ನೊಬ್ಬ, ಯಾರದೋ ಫೋನಿನಿಂದ ಬಂದವನು, ಮೂರನೇ ವಾರಕ್ಕೇ ಮೈಕ್ರೋಸ್ಕೋಪಿನ ಮುಂದೆ ಕೂತ. ಏಳನೇ ತಿಂಗಳು ನಮ್ಮ ಹುಡುಗ ಊರಿಗೆ ವಾಪಸ್ಸಾದ. 'ಯಾಕ್ ಮಗಾ ಬಂದ್ಬುಟ್ಟೆ?' ಅಂತ ಅವ್ವ ಕೇಳಿದಳು. 'ಅಲ್ಲೂ ಅದೇ ಕೆಲ್ಸ ಕಣವ್ವ' ಅಂದ.

ಅದೇ ಕೆಲಸ! ಈ ಮಾತು ನಮ್ಮ ನಿದ್ದೆ ಕೆಡಿಸಿದೆ.

ತೊಳೆಯುವುದು ಕೀಳೆಂದು ನಾವು ಹೇಳುತ್ತಿಲ್ಲ. ಕೊಳೆ ಉಳಿದ ಗಾಜಿನಲ್ಲಿ ಪ್ರಯೋಗ ಕೆಡುತ್ತದೆಂಬುದು ನಮಗೂ ಗೊತ್ತು. ಎಲ್ಲರೂ ಸರದಿಯ ಮೇಲೆ ತೊಳೆಯಲಿ. ತೊಳೆಯುವುದು ಒಬ್ಬನ ಪಾಲಿಗೆ, ನೋಡುವುದು ಇನ್ನೊಬ್ಬನ ಪಾಲಿಗೆ ಎಂದು ಹಂಚಿದವರಾರು ಎಂಬುದೇ ನಮ್ಮ ಪ್ರಶ್ನೆ.

1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಹೆಣ ಕೊಯ್ದರು. ಅದು ಚರಿತ್ರೆಯಾಯಿತು. ಅದಕ್ಕಿಂತ ಎಷ್ಟೋ ಮೊದಲಿನಿಂದ ನಮ್ಮ ತಾತಂದಿರು ಸತ್ತ ದನ ಕೊಯ್ಯುತ್ತಿದ್ದರು. ಕರುಳು ಎಲ್ಲಿ, ಪಿತ್ತಕೋಶ ಎಲ್ಲಿ, ಚರ್ಮ ಹರಿಯದಂತೆ ಚೂರಿ ಎಲ್ಲಿ ಇಳಿಸಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಅದನ್ನು ಯಾರೂ ವಿದ್ಯೆ ಎನ್ನಲಿಲ್ಲ, ಮೈಲಿಗೆ ಎಂದರು. ಆ ಮೈಲಿಗೆಯನ್ನು ನಮ್ಮ ತಲೆಗೆ ಕಟ್ಟಿದವರ ಮಕ್ಕಳೇ ಇವತ್ತು ಕೈಗವಸು ತೊಟ್ಟು, ಇಲಿಯ ಹೊಟ್ಟೆ ಬಗೆದು, ನಮಗೆ 'ಮೆರಿಟ್' ಪಾಠ ಹೇಳುತ್ತಿದ್ದಾರೆ.

ಏನ್ ಸ್ವಾಮಿ ಈ ಮೆರಿಟ್ಟು? ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯ ಜೀವವಿಜ್ಞಾನದ ಪ್ರಶ್ನೆಗಳು ಇಂಗ್ಲಿಷಿನಲ್ಲಿವೆ, ಹಿಂದಿಯಲ್ಲಿವೆ, ಕನ್ನಡದಲ್ಲಿಲ್ಲ. ಅದನ್ನೂ ದಾಟಿ ಜೆ.ಆರ್.ಎಫ್. ಗೆದ್ದರೆ ತಿಂಗಳಿಗೆ 37,000 ರೂಪಾಯಿಯ ಫೆಲೋಶಿಪ್ಪಿದೆ. 2023ರ ಜನವರಿಯಿಂದ ಜಾರಿಗೆ ಬಂದ ದರ ಅದು. ಆದರೆ ಗೈಡ್ ಒಬ್ಬರು 'ಹೂಂ' ಅನ್ನದಿದ್ದರೆ ಆ ಗೆಲುವೂ ಬರೀ ಕಾಗದ. ಯು.ಜಿ.ಸಿ.ಯ 2022ರ ಪಿಎಚ್.ಡಿ. ನಿಯಮದಲ್ಲಿ ಪ್ರವೇಶ ಪರೀಕ್ಷೆ ಬರೆದು ಬರುವವರಿಗೆ ನೂರಕ್ಕೆ 70 ಲಿಖಿತಕ್ಕೆ, 30 ಸಂದರ್ಶನಕ್ಕೆ. ಆ 30ರೊಳಗೇ 'ನಿಮ್ಮಪ್ಪ ಏನ್ಮಾಡ್ತಾರೆ' ಎಂಬ ಪ್ರಶ್ನೆ ಕೂತಿರುತ್ತದೆ.

ಇನ್ನು ದೊಡ್ಡ ಸಂಸ್ಥೆಗಳ ಕಥೆ. ಕೇಂದ್ರದ ಶಿಕ್ಷಣ ಸಂಸ್ಥೆಗಳಲ್ಲಿ ಪ್ರವೇಶಕ್ಕೆ ಮೀಸಲಾತಿ ಕೊಡುವ 2006ರ ಕಾಯ್ದೆ, ಕೊನೆಯಲ್ಲಿ ಒಂದು ಪಟ್ಟಿ ಕೊಟ್ಟು ಇವರಿಗೆ ಇದು ಅನ್ವಯಿಸದು ಎಂದಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ, ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಆ ಪಟ್ಟಿಯಲ್ಲಿದ್ದವು. 'ಉತ್ಕೃಷ್ಟತೆ' ಎಂಬುದು ಅವಕ್ಕೆ ಕೊಟ್ಟ ಹೆಸರು. ನಾವು ಒಳಗೆ ಬಂದರೆ ಉತ್ಕೃಷ್ಟತೆ ಕೆಡುತ್ತದಂತೆ. ಕೆರೆ ನೀರು ಕೆಡುತ್ತದೆ ಎಂದವರೂ ಇದೇ ಮಾತಾಡಿದ್ದರು.

ಆದರೆ ನಮ್ಮ ಮೈ ಮಾತ್ರ ಲ್ಯಾಬಿಗೆ ಬೇಕು. ಜಗತ್ತಿನ ಸಾವಿರಾರು ಲ್ಯಾಬುಗಳಲ್ಲಿ 'ಹೀಲಾ' ಎಂಬ ಜೀವಕೋಶ ಬೆಳೆಸುತ್ತಾರೆ. ಅದು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಅಮೆರಿಕದ ಕಪ್ಪು ತಾಯಿಯದು. ಹೊಗೆಸೊಪ್ಪಿನ ಹೊಲದಲ್ಲಿ ದುಡಿದ ಹೆಂಗಸು, ಐದು ಮಕ್ಕಳ ತಾಯಿ. 1951ರಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಅವಳ ಕ್ಯಾನ್ಸರ್ ಗೆಡ್ಡೆಯಿಂದ ಕೋಶ ತೆಗೆದರು, ಅವಳನ್ನು ಕೇಳಲಿಲ್ಲ. ಅದೇ ವರ್ಷ ಅವಳು ಸತ್ತಳು. ಕೋಶ ಮಾರಿ ಕಂಪನಿಗಳು ಬೆಳೆದವು. ಅಂಥ ಒಂದು ಕಂಪನಿ ಅವಳ ಮನೆಯವರೊಡನೆ ರಾಜಿಗೆ ಬಂದದ್ದು 2023ರಲ್ಲಿ.

ಇಲ್ಲಿಯೂ ಹಾಗೇ. ಹೈದರಾಬಾದಿನ ವಿಜ್ಞಾನಿಗಳೂ ಅಮೆರಿಕದವರೂ ಸೇರಿ 2009ರಲ್ಲಿ ಭಾರತೀಯರ ವಂಶವಾಹಿಗಳ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಮಾಲ, ಮಾದಿಗ ಜನರ ಡಿಎನ್‌ಎ ಕೂಡ ಇತ್ತು. 2013ರ ಇನ್ನೊಂದು ಅಧ್ಯಯನ ಮತ್ತೂ ಮುಂದೆ ಹೋಯಿತು: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಬೆರೆತು ಬಾಳಿದ್ದರು, ಆಮೇಲೆ ಒಳಗೊಳಗೇ ಮದುವೆಯ ಬೇಲಿ ಬಿತ್ತು. ಶುದ್ಧ ರಕ್ತವೆಂಬ ಹಳೇ ಸುಳ್ಳನ್ನು ಸೀಳಿದ್ದು ಲ್ಯಾಬೇ. ಅದಕ್ಕೇ ನಮಗೆ ಲ್ಯಾಬು ಬೇಕು. ಮಾದರಿಯಾಗಿ ಸೀಸೆಯಲ್ಲಿ ಇದ್ದದ್ದು ಸಾಕು, ಮೈಕ್ರೋಸ್ಕೋಪಿನ ಈಚೆ ಕೂರುತ್ತೇವೆ.

ಆದ್ದರಿಂದ ವಿಶ್ವವಿದ್ಯಾನಿಲಯಗಳಿಗೆ ನಮ್ಮ ಮಾತು ಇಷ್ಟು. ಅದೇ 2022ರ ನಿಯಮದಂತೆ ಪ್ರೊಫೆಸರರು 8, ಅಸೋಸಿಯೇಟ್ ಪ್ರೊಫೆಸರರು 6, ಅಸಿಸ್ಟೆಂಟ್ ಪ್ರೊಫೆಸರರು 4 ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು. ಯಾರ ಬಳಿ ಎಷ್ಟು ಜಾಗ ಖಾಲಿ, ಮೀಸಲು ಎಷ್ಟು ತುಂಬಿದೆ, ಬಾಗಿಲ ಮೇಲೆ ಬರೆದು ಹಾಕಿ. ಸಂದರ್ಶನದ ಅಂಕ ಎಲ್ಲರಿಗೂ ಕಾಣಲಿ. ದುಡಿದ ದಿನಕ್ಕೆ ಕೂಲಿ ಕೊಡಿ. 'ಅನುಭವ ಸಿಗುತ್ತೆ' ಎಂದು ದುಡಿಸಿಕೊಳ್ಳುವುದಕ್ಕೆ ನಮ್ಮೂರಲ್ಲಿ ಬಿಟ್ಟಿ ಚಾಕರಿ ಎನ್ನುತ್ತಾರೆ. ಪ್ರಯೋಗ ಮಾಡಿದವನ ಹೆಸರು ಪ್ರಬಂಧದಲ್ಲಿ ಇರಲಿ.

ನಮ್ಮ ತಮ್ಮ ತಂಗಿಯರಿಗೂ ಒಂದು ಮಾತು. ಕೈಕಟ್ಟಿ ನಿಲ್ಲಬೇಡಿ. ಹೋಗುವ ಮೊದಲು ಆ ಗೈಡು ಬರೆದ ಪ್ರಬಂಧ ಓದಿ, ಒಂದು ಪ್ರಶ್ನೆ ಹಿಡಿದು ಹೋಗಿ. ಅಲ್ಲಿರುವ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ಫೆಲೋಶಿಪ್ ಸರಿಯಾಗಿ ಬರುತ್ತದಾ? ಪಾತ್ರೆ ತೊಳೆಯೋರು ಯಾರು? ಪಿಎಚ್.ಡಿ. ಮುಗಿಸಿ ಹೊರಗೆ ಹೋದವರು ಯಾರು, ಅರ್ಧಕ್ಕೆ ಬಿಟ್ಟವರು ಯಾರು? ಸೇರಿದ ದಿನದಿಂದ ಮಾಡಿದ ಕೆಲಸವನ್ನು ತಾರೀಖು ಹಾಕಿ ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಮ್ಮ ಹುಡುಗ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾನೆ. ಸಂದರ್ಶನದ ದಿನ ಅವನು ಒಬ್ಬನೇ ಹೋಗುವುದಿಲ್ಲ. ಬಾಗಿಲವರೆಗೆ ನಾವೂ ಹೋಗುತ್ತೇವೆ, ಅವನು ಹೊರಗೆ ಬರುವವರೆಗೆ ಅಲ್ಲೇ ಕೂತಿರುತ್ತೇವೆ.