ತೋಟಕ್ಕೆ ಬರುವವರಿಗೆ

ಹಣ್ಣಿನ ತೋಟವನ್ನು ಸಾರ್ವಜನಿಕರಿಗೆ ತೆರೆದಿಡುವುದು ಇಂದಿನ ತರುಣ ಕೃಷಿಕರಲ್ಲಿ ಒಂದು ವಾಡಿಕೆಯಾಗುತ್ತಿದೆ. ಶಾಲೆಯ ಮಕ್ಕಳನ್ನು ಕರೆಸಿ ಮರಗಳನ್ನು ತೋರಿಸುವವರಿದ್ದಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಕಸಿ ಕಟ್ಟುವ ಬಗೆಯನ್ನು ಲೋಕಕ್ಕೆ ತಿಳಿಸುವವರಿದ್ದಾರೆ. ನಾನೂ ಅವರಲ್ಲೊಬ್ಬ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸೀಮೆಯಲ್ಲಿ ನಮ್ಮದು ಆರು ಎಕರೆ ಮಾವು. ಬಾದಾಮಿ, ರಸಪುರಿಗಳು ಕೆಲವು, ಉಳಿದುದೆಲ್ಲ ತೋತಾಪುರಿ. ಪದವಿ ಮುಗಿಸಿ ಊರಿಗೆ ಮರಳಿದಂದಿನಿಂದ, ಭಾನುವಾರಗಳಂದು ಬಂದವರಿಗೆಲ್ಲ ತೋಟ ತೋರಿಸುತ್ತಿದ್ದೇನೆ. ಇದನ್ನು ಹೊಗಳುವವರೂ ಹಳಿಯುವವರೂ ಇದರ ಮರ್ಮವನ್ನು ಗ್ರಹಿಸಿದಂತೆ ಕಾಣುವುದಿಲ್ಲ.

ಹಳಿಯುವವರಲ್ಲಿ ಮೊದಲಿಗರು ನಮ್ಮ ದೊಡ್ಡಪ್ಪ. “ಹಣ್ಣು ಮಾರಪ್ಪ, ಮಾತು ಮಾರಬೇಡ” ಎಂದು ಅವರು ಆಗಾಗ ಹೇಳುವುದುಂಟು. ತೋಟವೆಂದರೆ ಅವರಿಗೆ ಮನೆಯ ಒಳಕೋಣೆ. ಅಲ್ಲಿಯ ಲಾಭನಷ್ಟ ಬೀದಿಗೆ ಬರಬಾರದು. ಹೊಗಳುವವರು ಪಟ್ಟಣದ ಸ್ನೇಹಿತರು. ಮಕ್ಕಳಿಗೆ ಒಳ್ಳೆಯ ಗಾಳಿ, ಮಣ್ಣಿನ ಪರಿಚಯ ದೊರೆಯಿತೆಂದು ನನ್ನನ್ನು ಉದಾರಿಯೆಂದು ಭಾವಿಸುತ್ತಾರೆ. ನಾನು ಉದಾರಿಯಲ್ಲ. ಕೊಳ್ಳುವವನಿಗೆ ಗೊತ್ತಿಲ್ಲದ ಸಂಗತಿಯೊಂದೊಂದೂ ತಿರುಗಿ ಬಂದು ನನ್ನ ಮರದ ಮೇಲೆ ಅಪ್ಪಣೆ ನಡೆಸುತ್ತದೆ. ಅದಕ್ಕಾಗಿ ಬಾಗಿಲು ತೆರೆದಿದ್ದೇನೆ.

ಹಣ್ಣಿನ ಬಣ್ಣವನ್ನೇ ನೋಡಿ. ಏಪ್ರಿಲ್ ಮೊದಲ ವಾರದಲ್ಲಿಯೇ ಬಾದಾಮಿ ಬೇಕು, ಅದೂ ಅಪ್ಪಟ ಹಳದಿಯಾಗಿರಬೇಕು ಎಂಬುದು ಪೇಟೆಯ ಬಯಕೆ. ನಮ್ಮ ಬಾದಾಮಿ ಬಲಿಯುವುದು ಮೇ ತಿಂಗಳಿಗೆ. ರಸಪುರಿಯಂತೂ ಚೆನ್ನಾಗಿ ಹಣ್ಣಾದ ಮೇಲೂ ಅಲ್ಲಲ್ಲಿ ಹಸಿರು ಉಳಿಸಿಕೊಂಡೇ ಇರುತ್ತದೆ. ಪೇಟೆಯ ಬಯಕೆಯನ್ನು ಮರ ಕೇಳದಿದ್ದರೆ ವ್ಯಾಪಾರಿ ಕೇಳುತ್ತಾನೆ: ಎಳೆಗಾಯನ್ನು ಕಿತ್ತು ಕಾರ್ಬೈಡಿನ ಪುಡಿಯಿಟ್ಟು ಮಾಗಿಸುತ್ತಾನೆ. 2011ರ ಆಹಾರ ಸುರಕ್ಷತಾ ನಿಯಮಗಳು ಇದನ್ನು ನಿಷೇಧಿಸಿವೆ. ಮಿತಿಯೊಳಗಿನ ಎಥಿಲೀನ್ ಅನಿಲಕ್ಕೆ ಮಾತ್ರ ಈಗ ಅವಕಾಶವಿದೆ. ಆದರೆ ಎಥಿಲೀನ್ ಕೂಡ ಬಲಿತ ಕಾಯನ್ನು ಮಾಗಿಸಬಲ್ಲುದೇ ಹೊರತು ಎಳೆಗಾಯಿಗೆ ಸಿಹಿ ತುಂಬಲಾರದು. ಕಣ್ಣಿಗೆ ಹಳದಿ, ನಾಲಗೆಗೆ ಸಪ್ಪೆ. ಆಗ “ಈಗಿನ ಮಾವಿನಲ್ಲಿ ರುಚಿಯೇ ಇಲ್ಲ” ಎಂಬ ನಿಂದೆ ಬರುವುದು ಬೆಳೆದವನ ಮೇಲೆ!

ನಮ್ಮಲ್ಲಿಗೆ ಬರುವ ಮಕ್ಕಳ ಮುಂದೆ ಒಂದು ಬಕೆಟ್ ನೀರಿಡುತ್ತೇನೆ. ಕಾಯಿಗಳನ್ನು ಬಿಟ್ಟರೆ ಬಲಿತದ್ದು ಮುಳುಗುತ್ತದೆ, ಬಲಿಯದ್ದು ತೇಲುತ್ತದೆ. ತೊಟ್ಟಿನ ಬಳಿಯ ಭುಜ ಎದ್ದಿದೆಯೇ ಎಂದು ಬೆರಳಿಂದ ತಡವಿ ನೋಡಲು ಹೇಳುತ್ತೇನೆ. ತೊಟ್ಟು ಮುರಿದರೆ ಸೊನೆ ಚಿಮ್ಮಿ ಸಿಪ್ಪೆ ಸುಡುವುದನ್ನು ಅವರೇ ಕಾಣುತ್ತಾರೆ. ಬಣ್ಣ ನೋಡಿ ಕೊಳ್ಳುವ ಚಾಳಿ ಆ ಹತ್ತು ನಿಮಿಷದಲ್ಲಿ ಅಲುಗಾಡುತ್ತದೆ. ತಂದೆತಾಯಿಗಳನ್ನು ಒಪ್ಪಿಸುವುದು ಇಷ್ಟು ಸುಲಭವಲ್ಲ.

ಮೊದಲು ಹೂ ಕಂಡೊಡನೆ ಇಡೀ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಡುತ್ತಿದ್ದೆವು; ಯಾವಾಗ ಕೀಳಬೇಕೆಂಬುದು ಅವನ ಚಿತ್ತ. ಈಗ ಬಾದಾಮಿ, ರಸಪುರಿಗಳಷ್ಟೂ ತೋಟ ಕಂಡವರ ಮನೆಗಳಿಗೇ ಹೋಗುತ್ತವೆ. ಅವರು ಮೇ ತಿಂಗಳವರೆಗೆ ಕಾಯುತ್ತಾರೆ. ಭತ್ತದ ಹುಲ್ಲಿನಲ್ಲಿ ಮಾಗಿಸಿಕೊಳ್ಳುತ್ತಾರೆ. ಬಾದಾಮಿ ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಮುನಿಸಿಕೊಂಡು ನಿಂತರೆ ಅದಕ್ಕೂ ಹೊಂದಿಕೊಳ್ಳುತ್ತಾರೆ. ಆದ್ದರಿಂದ, ಬೇರಿಗೆ ಔಷಧ ಸುರಿದು ಮರವನ್ನು ವರ್ಷವರ್ಷವೂ ಹೂಬಿಡಿಸುವ ಬಲಾತ್ಕಾರ ನನಗೆ ಬೇಕಾಗಿಲ್ಲ.

ಹಾಗೆಂದು ಇದರಿಂದ ಎಲ್ಲವೂ ಸರಿಹೋಯಿತೆಂದು ನಂಬಿಸಲಾರೆ. ತೋತಾಪುರಿಯ ಗತಿಯೇ ಬೇರೆ. ಅದರ ಬಹುಭಾಗ ಹೋಗುವುದು ರಸ ತೆಗೆಯುವ ಕಾರ್ಖಾನೆಗೆ. ಅದನ್ನು ಕುಡಿಯುವವನ ಮುಖ ನಾವು ಕಾಣೆವು. 2025ರ ಜೂನಿನಲ್ಲಿ ಬೆಲೆ ನೆಲಕಚ್ಚಿತು, ನೆರೆರಾಜ್ಯದ ಕಾರ್ಖಾನೆಗಳ ದಾರಿ ನಮ್ಮ ಕಾಯಿಗೆ ಮುಚ್ಚಿತು, ರೈತರು ಬೀದಿಗಿಳಿದರು. ಕೊನೆಗೆ ಕ್ವಿಂಟಲಿಗೆ 1,616 ರೂಪಾಯಿಯನ್ನು ಆಧಾರವಾಗಿಟ್ಟು ಬೆಲೆಯ ಕೊರತೆಯನ್ನು ತುಂಬಿಕೊಡಲು ಕೇಂದ್ರ, ರಾಜ್ಯಗಳು ಮುಂದಾದವು. ಅಂದರೆ ಕಿಲೋಗೆ ಹದಿನಾರು ರೂಪಾಯಿ. ಅದು ಪರಿಹಾರದ ಲೆಕ್ಕ, ಪೇಟೆಯ ಬೆಲೆಯಲ್ಲ! ಆ ಭಾನುವಾರಗಳಲ್ಲಿ ಬಂದವರಿಗೆ ಕೀಳುವ ಕೂಲಿ, ಸಾಗಣೆಯ ಬಾಡಿಗೆ, ಮಂಡಿಯ ಚೀಟಿ ಎಲ್ಲವನ್ನೂ ತೋರಿಸಿದೆ. ಸಂತೋಷಕ್ಕೆಂದು ಬಂದವರ ಮುಂದೆ ಈ ಗೋಳೇಕೆ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ತುಂಬಿದ ಕೊಂಬೆಯನ್ನು ಮಾತ್ರ ತೋರಿಸಿ ಚೀಟಿಯನ್ನು ಬಚ್ಚಿಟ್ಟರೆ ಅದು ಜಾಹೀರಾತು. ಅದಕ್ಕೆ ಕೃಷಿಯನ್ನು ಹಂಚಿಕೊಳ್ಳುವುದು ಎಂಬ ಹೆಸರು ಸಲ್ಲದು.

ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು. ಬೆಳೆಗಾರನ ಅನುಭವವನ್ನು ಬೆಳೆಗಾರನೇ ಬರೆಯಲಿ ಎಂಬ ಹಟ ಅದರದು. ಅಲ್ಲಿ ಓದುಗನೂ ಕೃಷಿಕ. ಅರ್ಧ ಹೇಳಿದರೆ ಪೂರ್ತಿ ತಿಳಿದುಕೊಳ್ಳುತ್ತಾನೆ. ನಮ್ಮ ಮುಂದೆ ನಿಲ್ಲುವವನು ತಿನ್ನುವವನು. ಅವನಿಗೆ ಹಣ್ಣಿನ ಹಿಂದಿನ ಕಾಲವನ್ನು ತೋರಿಸಬೇಕಾಗಿದೆ, ಅವನಾದರೋ ಮೇ ತಿಂಗಳಲ್ಲಿಯೇ ಬರುತ್ತಾನೆ.

ಆದುದರಿಂದ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಮಕ್ಕಳನ್ನು ಜನವರಿಯ ಕೊನೆಗೆ, ಹೂವಿನ ಕಾಲದಲ್ಲಿ, ಕರೆತನ್ನಿ. ಒಂದೊಂದು ಗೊಂಚಲಿನಲ್ಲಿ ನೂರಾರು, ಒಮ್ಮೊಮ್ಮೆ ಸಾವಿರಾರು ಹೂಗಳು. ಕಾಯಾಗಿ ಕಡೆಯವರೆಗೆ ನಿಲ್ಲುವುದು ಒಂದೋ ಎರಡೋ. ಮಾವಿನ ಪರಾಗವನ್ನು ಹೆಚ್ಚಾಗಿ ಒಯ್ಯುವುದು ನೀವು ಮನೆಯಲ್ಲಿ ಓಡಿಸುವ ನೊಣಗಳ ಬಳಗವೇ. ಜಿಗಿಹುಳುವಿನ ಭಯಕ್ಕೆ ತುಂಬು ಹೂವಿನಲ್ಲಿ ವಿಷ ಸಿಂಪಡಿಸಿದರೆ ಈ ನೊಣಗಳೂ ಸಾಯುತ್ತವೆ. ಸಿಂಪಡಿಸದೆ ಬಿಟ್ಟರೆ ಜಿಗಿಹುಳು ಹೂವಿನ ರಸ ಹೀರುತ್ತದೆ. ಆ ವಾರ ಏನು ಮಾಡುವುದೆಂದು ನಾನೂ ನಮ್ಮ ತಂದೆಯವರೂ ಮರದಡಿ ನಿಂತು ವಾದಿಸುತ್ತಿರುತ್ತೇವೆ. ಮಕ್ಕಳು ಅದನ್ನೂ ಕೇಳಲಿ. ತಿನ್ನಲು ಆಗ ತೋಟದಲ್ಲಿ ಏನೂ ಇರುವುದಿಲ್ಲ. ಮಜ್ಜಿಗೆ ಕೊಡುತ್ತೇವೆ.